ತಾಳ ತಪ್ಪಿದ ದನಿ

ಲೈಟ್ ಬರೂದು ಇನ್ನ ತಡ ಐತಿ, ಹತ್ರ ಸರದು ಕುಂಡ್ರಿ. ಇದು ನಮ್ಮ ಚಿಗವ್ವನ ಮಗಳು ವಿದ್ಯಾಶ್ರೀಗೆ ಆದದ್ದು. ಅಕೀ ಗದಗದಾಗ ಯುನಿವರ್ಸಿಟಿ ರೇಡಿಯೊದಾಗ ಕೆಲಸಕ್ಕಿದ್ಲು. ಶಾಲಿ ಹುಡುಗ್ರಿಗೆ ಹಾಡಿನಾಗ ಪಾಠ ಹೇಳೂ ಕಾರ್ಯಕ್ರಮ ಅಕೀದು.

ಅವತ್ತ ಕಡೀ ಬಸ್ಸಿಗೆ ಬಂದು ಮಲ್ಲಸಮುದ್ರದಾಗ ಇಳದ್ಲು. ಮನಿ ದಾರ್ಯಾಗ ಒಂದು ಹಳೇ ಬಾವಿ ಐತಿ. ಹನಿ ನೀರಿಲ್ಲ, ಬರೇ ಕಲ್ಲು. ಬ್ಯಾರೆ ದಿನ ಆಗಿದ್ರ ಅದನ್ನ ಸುತ್ತು ಹಾಕಿ ಹೋಗ್ತಿದ್ಲು. ಅವತ್ತ ಖಬರೇ ಇದ್ದಿಲ್ಲ. ತಲಿ ಕೆಟ್ಟು ಹೋಗಿತ್ತು.

ಯಾಕಂದ್ರ... ಹಿಂದಿನ ವಾರ ಸಿಂಗಟಾಲೂರು ಶಾಲಿಗೆ ಹೋಗಿ, ಹುಡುಗ್ರ ಕಡೆ ಮಗ್ಗಿ ಹಾಡು ಹಾಡಿಸಿ ರೆಕಾರ್ಡ್ ಮಾಡ್ಕೊಂಡು ಬಂದಿದ್ಲು. "ಎರಡೊಂದ್ಲಿ ಎರಡು, ಎತ್ತಿನ ಕೋಡು. ಎರಡೆರಡ್ಲಿ ನಾಕು, ಆಕಳ ಕಾಲು." ಛಲೋ ಬಂದಿತ್ತು. ಆದ್ರ ಹುಡುಗ್ರೆಲ್ಲ ಹಾಡಿ ನಿಲ್ಲಿಸಿದ ಮ್ಯಾಲ, ಒಂದು ಸಣ್ಣ ಹುಡುಗಿ ದನಿ ಹಿಂದ ಉಳದು... "ಕಾಲು" ಅಂತಿತ್ತು. ಪ್ರತಿ ಸಾಲಿಗೂ ಹಂಗ.

ಕಂಪ್ಯೂಟರಿನಾಗ ಆ ದನಿ ಕತ್ತರಿಸಿ ತಗದ್ಲು. ಮರುದಿನ ಹಾಡು ಹಚ್ಚಿ ಕೇಳಿದ್ರ ಮತ್ತ ಐತಿ. ಮತ್ತ ಕತ್ತರಿಸಿದ್ಲು. ಮತ್ತ ಐತಿ. ಬಿಸಲಾಗ ತಿರಗಿ ಸಿಂಗಟಾಲೂರಿಗೆ ಹೋಗಿ ಹೊಸದಾಗಿ ಹಾಡಿಸಿದ್ಲು. ಅದರಾಗೂ ಅದ ದನಿ. ಅಲ್ಲಿ ನಂದೀಶ ಮಾಸ್ತರು ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರು. ತಗದಿಟ್ರು. "ಈಗ ನಮ್ಮ ಶಾಲ್ಯಾಗ ಈ ದನಿ ಯಾರದೂ ಇಲ್ರಿ," ಅಂದ್ರು.

ಇತ್ತ ರೇಡಿಯೊದ ಸಾಹೇಬ್ರು, "ನಾಳೆ ಮುಂಜಾನಿ ಹಾಡು ಸರಿ ಇರದಿದ್ರ ನಿಮ್ಮ ಕಾರ್ಯಕ್ರಮ ಬಂದ್. ಆ ಹೊತ್ತಿನಾಗ ಭಾಷಣ ಹಾಕಿಬಿಡ್ತೀನಿ," ಅಂದಿದ್ರು. ಅವತ್ತ ಇಡೀ ದಿನ ಕುಂತು ಕತ್ತರಿಸಿದ್ದ ಬಂತು. ದನಿ ಹೋಗಿದ್ದಿಲ್ಲ.

ಹಂತಾ ಸಿಟ್ಟಿನಾಗ ಬಾವಿ ಹತ್ರ ಬಂದ್ಲು. ರಾಟಿ ಕಿರ್... ಅಂತು. ಗಾಳಿ ಇದ್ದಿಲ್ಲ. ಒಳಗಿಂದ ಸಣ್ಣಗ...

"ಆಕಳ... ಕಾಲು."

ನಿಂತ್ಲು. "ಯಾರದು?"

ಆಮ್ಯಾಲ ಪಿಸುಮಾತು. "ನನ್ನ ದನಿ ಯಾಕ ಕತ್ತರಸ್ತೀರಿ, ಅಕ್ಕೋರ?"

ನೀವು ನಾವು ಆಗಿದ್ರ ಓಡಿ ಹೋಗ್ತಿದ್ವಿ. ಅಕೀಗೆ ಅಂಜಿಕಿ ಬರಲಿಲ್ಲ, ವಾರದ ಸಿಟ್ಟೆಲ್ಲ ಬಾಯಿಗೆ ಬಂತು. "ತಾಳ ತಪ್ಪತೀ, ಅದಕ್ಕ. ಎಲ್ಲಾರ ಕೂಡ ಹಾಡಾಕ ಬರೂದಿಲ್ಲೇನು ನಿನಗ?"

"ನೀರಾಗ... ತಡ ಆಗಿ ಕೇಳಸ್ತೈತ್ರಿ."

ವಿದ್ಯಾಶ್ರೀ ಬ್ಯಾಗ್ ಕೆಳಗಿಟ್ಲು. ಬಾವಿ ಕಟ್ಟಿ ಮ್ಯಾಲ ಕೈ ಬಡದ್ಲು. ಟಪ್... ಟಪ್... "ಆ ಹುಡುಗ್ರನ್ನ ಕಾಯಬ್ಯಾಡ. ನನ್ನ ಕೈ ಕೇಳು."

ದನಿ ಹಿಂದ ಬಿತ್ತು. "ಇನ್ನೊಮ್ಮಿ." ಮತ್ತ ಹಿಂದ ಬಿತ್ತು. "ಇನ್ನೊಮ್ಮಿ ಹಾಡು." ಅಂಗೈ ಉರಿಯಾಕ ಹತ್ತಿತು, ಬಿಡಲಿಲ್ಲ. ಕಡೀಕ ಕೈ ಬಿದ್ದಲ್ಲೇ ದನಿ ಬಿತ್ತು. "ಆಕಳ ಕಾಲು." ಸರಿಯಾಗಿ.

ಆಮ್ಯಾಲ ಏನೂ ಕೇಳಸಲಿಲ್ಲ. ತಾನು ಎಲ್ಲಿ ನಿಂತೀನಿ, ಯಾರ ಕೂಡ ಮಾತಾಡಿದೆ ಅಂತ ಅಕೀಗೆ ಆವಾಗ ಹೊಳೀತು. ಮನಿ ಮುಟ್ಟೂತನ ಹಿಂದ ಹೊಳ್ಳಿ ನೋಡ್ಲಿಲ್ಲ.

ಮುಂಜಾನಿ ಹಾಡು ತಗದು ಕೇಳಿದ್ಲು. ದನಿ ಇತ್ತು. ಆದ್ರ ಎಲ್ಲಾರ ಕೂಡ ಕೂಡಿ ಹೋಗಿತ್ತು. ಸಾಹೇಬ್ರು ಕೇಳಿ, "ಇಷ್ಟ ಮಾಡಾಕ ವಾರ ಬೇಕಾತೇನ್ರಿ?" ಅಂದ್ರು. ಹಾಡು ರೇಡಿಯೊದಾಗ ಹೋತು.

ಅದು ಮುಗದ ಗಳಿಗ್ಯಾಗ ಫೋನ್ ಬಂತು. "ನಾ ಸಿಂಗಟಾಲೂರ ಉಡಚವ್ವ. ನಮ್ಮ ಹುಡುಗಿ ಛಲೋ ಹಾಡಿದ್ಲವಾ. ನಾಳೆನೂ ಹಾಡಸ್ರಿ."

ಯಾರೋ ಚ್ಯಾಷ್ಟಿ ಮಾಡಾಕತ್ತ್ಯಾರ ಅಂತ ವಿದ್ಯಾಶ್ರೀಗೆ ಮತ್ತ ಸಿಟ್ಟು ಬಂತು. ಆ ರೇಡಿಯೊ ಗದಗದ ಸುತ್ತ ಬಿಟ್ರ ಮುಂದ ಸಿಂಗಟಾಲೂರಿಗೆ ಮುಟ್ಟೂದಿಲ್ಲ. ಹಾಡಿದ ಹುಡುಗ್ರಿಗೇ ಅವರ ಹಾಡು ಕೇಳಸಾಕ ಆಗಲಿಲ್ಲಲ್ಲ ಅಂತ ಅಕೀಗೆ ಮೊದಲ ಹಳಹಳಿ. ಸಿಂಗಟಾಲೂರಿಗೆ ಹೋಗೇ ಬಿಟ್ಲು. ನಂದೀಶ ಮಾಸ್ತರು ಮನಿ ತೋರಸಾಕ ಬಂದ್ರು. ದಾರ್ಯಾಗ ಸಣ್ಣ ದನೀಲೆ ಹೇಳಿದ್ರು. "ಉಡಚವ್ವನ ಹುಡುಗಿ ನಮ್ಮ ಶಾಲಿಗೇ ಬರತಿತ್ರಿ. ಹೋದ ವರ್ಷ ಹೊಳ್ಯಾಗ ಮುಳುಗಿ ಹೋತು."

ಉಡಚವ್ವ ಒಲಿ ಮುಂದ ಕುಂತಿದ್ಲು.

"ರೇಡಿಯೊ ಎಲ್ಲೈತಿ ಯವ್ವಾ?"

"ನಮ್ಮ ಮನ್ಯಾಗ ಎಲ್ಲೀ ರೇಡಿಯೊ."

"ಮತ್ತ ಹಾಡು ಹೆಂಗ ಕೇಳಿದಿ?"

"ರೊಟ್ಟಿ ಬಡಿಯಾಕತ್ತಿದ್ದೆ. ಮಗ್ಗಲಿಗೆ ಕುಂತು ಹಾಡಿದ್ಲು."

"ನಂಬರ್ ಯಾರು ಕೊಟ್ರು?"

"ಅಕೀನ ಹೇಳಿದ್ಲು."

ಇದು ಅವರಿವರು ಹೇಳಿದ್ದಲ್ಲ. ವಿದ್ಯಾಶ್ರೀ ಇದ ಪಡಸಾಲ್ಯಾಗ ಕುಂತು ನನಗ ಹೇಳ್ಯಾಳ, ಸುಳ್ಳು ಹೇಳೂ ಪೈಕಿ ಅಲ್ಲ ಅಕೀ. ಮಾಸ್ತರೂ ನೋಡ್ಯಾರ. ಆ ಮನ್ಯಾಗ ಇರಾಕಿ ಉಡಚವ್ವ ಒಬ್ಬಾಕೀನ. ಆದ್ರ ಅಕೀ ಮಗ್ಗಲಿಗೆ ಕುಂಡ್ರಾಕ ಇನ್ನೊಂದು ಮಣಿ ಹಾಕಿತ್ತು. ಅದರ ಮುಂದ ಒಂದು ಸಣ್ಣ ತಾಟು. ತಾಟಿನಾಗ ಅರ್ಧ ತಿಂದ ರೊಟ್ಟಿ... ಇನ್ನೂ ಹಬಿ ಆಡತಿತ್ತು.