ಎರಡೇ ಸಲ ಕರೆದದ್ದು

ಬಿಳಿಚೋಡಿನಲ್ಲಿ ನಮ್ಮ ಪಕ್ಕದ ಮನೆ ಅಂಜಮ್ಮನದು. ಅವಳ ಮೊಮ್ಮಗಳು ರಕ್ಷಾಳಿಗೆ ಆದದ್ದು ಇದು. ನಂಬದವರು ಎದ್ದು ಹೋಗಬಹುದು. ಒಬ್ಬರೇ ಹೋಗಬೇಕು, ಅಷ್ಟೇ.

ರಕ್ಷಾ ಜಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಕೊನೆಯ ಬಸ್ಸು ಕ್ರಾಸಿನಲ್ಲಿ ಇಳಿಸಿದರೆ ಮನೆಗೆ ಕಾಲು ಗಂಟೆ ನಡಿಗೆ. ನಡುವೆ ಒಂದು ಹಾಳುಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ.

ಆ ರಾತ್ರಿ ಬಾವಿ ದಾಟುವಾಗ ಜಾಲರಿಯ ಮೇಲೆ ಉಗುರು ಎಳೆದ ಸದ್ದು... ಝರ್ರ್. ಕೆಳಗಿನಿಂದ. ಆಮೇಲೆ ದನಿ.

"ರಚ್ಚೀ..."

ಅವಳನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ. ಗಂಡ ದುರುಗೇಶ್. ಅವನು ನ್ಯಾಮತಿಯಲ್ಲಿದ್ದ, ಇನ್ನೊಬ್ಬಳ ಜೊತೆ. ವಿಚ್ಛೇದನದ ಕಾಗದಕ್ಕೆ ಸಹಿ ಬಿದ್ದು ಐದು ತಿಂಗಳಾಗಿತ್ತು. ಸಹಿ ಹಾಕಿದ ದಿನ ಅವನು ಹೇಳಿದ್ದು ಇಷ್ಟು: "ಇನ್ಮೇಲೆ ಫೋನ್ ಮಾಡಬ್ಯಾಡ. ನಿನ್ ದನಿ ಕೇಳಿದ್ರೆ ತಲೆ ಸಿಡೀತೈತೆ."

ಅವಳು ನಂಬರ್ ಅಳಿಸಿದಳು. ಬಾಯಿಪಾಠವಾಗಿದ್ದನ್ನು ಅಳಿಸುವುದು ಹೇಗೆ? ರಾತ್ರಿಯೆಲ್ಲ ಫೋನು ದಿಂಬಿನ ಕೆಳಗೇ ಇರುತ್ತಿತ್ತು. ಅವನು ಒಂದು ಸಲ ಕರೆದರೆ ಸಾಕು. ಇಲ್ಲದಿದ್ದರೆ ಈ ಕಾಯುವುದಾದರೂ ನಿಂತರೆ ಸಾಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

"ರಚ್ಚೀ..." ಮತ್ತೊಮ್ಮೆ. ಆಮೇಲೆ ಇಲ್ಲ. ರಕ್ಷಾ ಮನೆಗೆ ಓಡಿದಳು.

ಅಂಜಮ್ಮ ಅವಳ ಕಿವಿಯಲ್ಲಿ ಹೇಳಿದಳು: "ಓಗೊಡಬ್ಯಾಡ ಮಗಾ. ಮೂರನೇ ಸಲಕ್ಕೆ ಕಾಯಬೇಕು. ಮನುಷ್ಯರಾದ್ರೆ ಮೂರು ಸಲ ಕರೀತಾರೆ. ಅದು ಕರೆಯೋದು ಎರಡೇ ಸಲ."

"ಅವನು ಯಾವತ್ತೂ ಮೂರು ಸಲ ಕರೆದವನಲ್ಲಜ್ಜಿ," ಅಂದಳು ರಕ್ಷಾ.

ಹತ್ತು ರಾತ್ರಿ ಬಾವಿ ಎರಡೆರಡು ಸಲ ಕರೆಯಿತು. ಅವಳು ಹಲ್ಲು ಕಚ್ಚಿ ದಾಟಿದಳು. ಹನ್ನೊಂದನೆಯ ರಾತ್ರಿ ನಿಂತಳು. ಜಾಲರಿಯ ಮೇಲೆ ಬಗ್ಗಿ ಅಂದಳು... "ಬಂದೆ."

ಗಂಟಲಿನಿಂದ ನೂಲೊಂದನ್ನು ಮೆಲ್ಲಗೆ ಎಳೆದುಕೊಂಡ ಹಾಗಾಯಿತಂತೆ. ನೋವಿಲ್ಲ.

ಮನೆಗೆ ಬಂದು ಎರಡು ರೊಟ್ಟಿ ತಿಂದಳು, ಬೆಳಗಿನವರೆಗೆ ಮಲಗಿದಳು. ಐದು ತಿಂಗಳಲ್ಲಿ ಅಂಥ ನಿದ್ದೆ ಅವಳಿಗೆ ಬಂದಿರಲಿಲ್ಲ. ಎದ್ದು ಬಾಯಿ ತೆರೆದರೆ ದನಿಯೇ ಇಲ್ಲ. ದಾವಣಗೆರೆಯ ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ ನೋಡಿದರು. ಎಲ್ಲ ಸರಿಯಾಗಿದೆ ಅಂದರು. ರಕ್ಷಾ ಅಳಲಿಲ್ಲ. ಅಂಜಮ್ಮ ಹೆದರಿದ್ದು ಅದಕ್ಕೆ.

ಹದಿನೈದನೆಯ ದಿನ ದುರುಗೇಶ್ ಬಂದ. ಕಣ್ಣು ಕೆಂಡದ ಹಾಗಿತ್ತು. ಅವನ ಬಾಗಿಲ ಹೊರಗೆ ರಾತ್ರಿ ಎರಡಕ್ಕೆ ಸರಿಯಾಗಿ ರಕ್ಷಾಳ ದನಿ ಬರುತ್ತದಂತೆ. "ಬಂದೆ" ಅನ್ನುತ್ತದೆ. ಬೆಳಗಿನವರೆಗೂ ಅದೊಂದೇ ಮಾತು. ಜೊತೆಗಿದ್ದವಳು ತವರಿಗೆ ಓಡಿದ್ದಳು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದ, ಕೇಳಿಸಿದ. ಅದು ಅವಳದೇ ದನಿ.

ಅವನು ಹೊಸ್ತಿಲ ಮೇಲೆ ಕುಸಿದು ಕೂತ. "ಅದನ್ನ ವಾಪಸ್ ಕರೆಸ್ಕೋ. ಬೇಕಾದ್ರೆ ನೀನೇ ಬಾ. ಈಗ್ಲೇ ಕರ್ಕೊಂಡು ಹೋಗ್ತೀನಿ."

ಅವಳು ಐದು ತಿಂಗಳು ಕಾದಿದ್ದ ಮಾತು. ರಕ್ಷಾ ಒಳಗಿನಿಂದ ಚೀಟಿ ತಂದು ಬರೆದು ಕೊಟ್ಟಳು.

"ಬಾಗಿಲು ತೆಗಿ. ನಾನೇ."

ಮರುದಿನ ದುರುಗೇಶ್ ಫೋನ್ ಎತ್ತಲಿಲ್ಲ. ಅವನ ಅಣ್ಣ ಕೆಂಚೇಶ್ ನ್ಯಾಮತಿಗೆ ಹೋಗಿ ಬಾಗಿಲು ಒಡೆದ. ಒಳಗಿನಿಂದ ಚಿಲಕ ಹಾಕಿತ್ತು. ದುರುಗೇಶ್ ಇರಲಿಲ್ಲ. ಈವತ್ತಿಗೂ ಸಿಕ್ಕಿಲ್ಲ. ಫೋನು ಚಾಪೆಯ ಮೇಲೆ, ಇನ್ನೂ ರೆಕಾರ್ಡ್ ಆಗುತ್ತಲೇ ಇತ್ತು.

ಕೆಂಚೇಶ್ ಅದನ್ನು ಹಿಡಿದುಕೊಂಡು ಅಂಜಮ್ಮನ ಮನೆಗೆ ಬಂದ. ಎಲ್ಲರೂ ಕೇಳಿದೆವು. ಹೊರಗೆ ಅವಳ ದನಿ. ಚಿಲಕ ತೆಗೆದ ಸದ್ದು... ಟಕ್. "ಬಂದೆ," ಈಗ ಹತ್ತಿರದಲ್ಲಿ. ಚಿಲಕ ಹಾಕಿದ ಸದ್ದು. ಆಮೇಲೆ ನಾಲ್ಕು ಗಂಟೆ ಹನ್ನೆರಡು ನಿಮಿಷ ಇಬ್ಬರು ಕೂತು ಉಣ್ಣುವ ಸದ್ದು. ತಟ್ಟೆಗೆ ಬಳೆ ತಾಗಿದ್ದು, ನೀರು ಬಗ್ಗಿಸಿದ್ದು, ಲೋಟ ಕೆಳಗಿಟ್ಟದ್ದು. ಮಾತಿಲ್ಲ. ಅದರಾಚೆ ಕೆಂಚೇಶ್ ಬಾಗಿಲು ಒಡೆಯುವವರೆಗೆ ಬರೀ ಫೋನು ಹೊಡೆದುಕೊಂಡದ್ದು.

ರಕ್ಷಾ ಪೂರ್ತಿ ಕೇಳಿದಳು. ಮುಗಿದಾಗ ಮತ್ತೆ ಹಾಕು ಎಂದು ಕೈಸನ್ನೆ ಮಾಡಿದಳು.

ಇದು ನಡೆದದ್ದೇ. ಕೆಂಚೇಶ್ ಬಾಗಿಲು ಒಡೆದಾಗ ಅಡುಗೆಮನೆಗೂ ಹೋಗಿ ನೋಡಿದ್ದ. ಅಲ್ಲಿ ಒಂದು ತಟ್ಟೆಯೂ ಎಂಜಲಾಗಿರಲಿಲ್ಲ, ಒಂದು ಲೋಟವೂ ಒದ್ದೆಯಾಗಿರಲಿಲ್ಲ.