ತೂಬು ಎತ್ತಿಸಿದ ಅಜ್ಜಿ

ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕುಳಿತಿದ್ದ ಅಜ್ಜಿಗೆ ಯುವಕನೊಬ್ಬ ಬಂದು ಕೈಮುಗಿದ.

“ಬುಕ್ಕಾಂಬುಧೀಲಿ ಆಡಿದ್ ಜಪಾನ್ ಕತೆ ನಾಟಕದಲ್ಲಿ ದೊರೆ ಆಗಿದ್ದೋನು ನಾನೇ ಅಜ್ಜಿ.”

“ಲಂಚ ಕೊಟ್ಟೋರ ಗದ್ದೆಗೇ ಕೆರೆ ನೀರು ಬಿಡ್ತಿದ್ದೋನಾ?”

“ಹೂಂ. ಕೊನೇ ಸೀನಲ್ಲಿ ಮಾತು ಮರ್ತು ನಿಂತ್ಬಿಟ್ಟಿದ್ದೆ. ನೀವು ಸ್ಟೇಜ್ ಹತ್ತಿ, ‘ಎಲ್ರಿಗೂ ತೂಬು ಎತ್ತೋ’ ಅಂತ ಗದರ್ದ್ರಿ.”

“ನಾಟಕ ಅನ್ನೋದೇ ಮರ್ತೋಯ್ತು ಕಣಪ್ಪ. ತಪ್ಪಾಯ್ತು.”

“ತಪ್ಪೆಲ್ಲಿ ಬಂತು? ಇಡೀ ಊರು ನಿಮ್ ಹಿಂದೆ ಎದ್ದು ನಿಂತ್ಕಂತು. ನಾನು ನಿಜವಾಗ್ಲೂ ಹೆದರಿ ಕತ್ತಿ ಕೆಳಗಿಟ್ಟೆ. ನಿಮ್ಮಿಂದ ನಾಟಕ ಉಳೀತು. ಈಗ ಹಂಗೇ ಆಡ್ತೀವಿ. ನಾಳಿದ್ದು ಹಿರೇನಲ್ಲೂರಲ್ಲಿ ಇದೆ, ಬನ್ನಿ ಅಜ್ಜಿ.”

ಬಸ್ಸು ಬಂತು. ಅಜ್ಜಿಯ ಚೀಲವನ್ನು ಅವನೇ ಹತ್ತಿಸಿದ.

“ಬತ್ತೀನಿ. ಈ ಸಲ ನಾನು ಬಯ್ಯೋಕ್ ಮುಂಚೇನೇ ನೀರು ಬಿಟ್ಬಿಡಪ್ಪ.”