ಸ್ಟೇರಿಂಗ್ ಮೇಲಿನ ಬೆರಳು

...ಸೊನ್ನೆ ಅಂದ್ರೆ ಸೊನ್ನೆ ಕಣೇ ಟೀಗನ್! ಅದಕ್ಕೆ ಯಾಕೆ ಪೆನ್ನನ್ನ ಗಾಳೀಲಿ ಹಿಡ್ಕೊಂಡು ಕೂತಿದೀಯ? ಮೊದಲನೇ ಪ್ರಶ್ನೆ ಏನು? ಕೂತು ಓದುವಾಗ ಇವನಿಗೆ ತೂಕಡಿಕೆ ಬರುತ್ತಾ ಅಂತ. ಬರದಿದ್ರೆ ಸೊನ್ನೆ, ಜಾಸ್ತಿ ಬಂದ್ರೆ ಮೂರು. ನಿನ್ನ ತಮ್ಮ ನಾನು ಯಾವತ್ತು ಕೂತು ಓದಿದೀನಿ ಹೇಳು! ಓದದೇ ಇರೋನಿಗೆ ಓದುವಾಗ ತೂಕಡಿಕೆ ಎಲ್ಲಿಂದ ಬರಬೇಕು? ಸೊನ್ನೆ. ಬರಿ... ಹಾಂ, ನಗು, ನಗು. ನಗ್ತಾನೇ ಬರಿ.

ಈ ಹಾಳೆ ನಾನೇ ತುಂಬೋ ಹಾಗಿದ್ದಿದ್ರೆ ಹಲ್ಲುಜ್ಜೋ ಹೊತ್ತಲ್ಲಿ ಮುಗಿಸಿಬಿಡ್ತಿದ್ದೆ. ಆ ಪರ್ತ್‌ನ ಡಾಕ್ಟರಮ್ಮ ಮಹಾ ಚಾಲಾಕಿ. ಒಂದೇ ಮನೇಲಿ ಇರೋರು ತುಂಬಿ ಸಹಿ ಹಾಕಬೇಕಂತೆ. ನನ್ನ ಮಾತಲ್ಲಿ ನಂಬಿಕೆ ಇಲ್ವಾ ಅವಳಿಗೆ? ಇನ್ನೂ ಮುಖಾನೇ ನೋಡಿಲ್ಲ, ಆಗಲೇ ಅನುಮಾನ! ಶ್ವಾಸಕೋಶಕ್ಕೂ ನಿದ್ದೆಗೂ ಒಬ್ಬಳೇ ತಜ್ಞೆ ಬೇರೆ. ನಾಳೆ ಹತ್ತು ಗಂಟೆಗೆ ಅವಳ ಮುಂದೆ ಕೂರಬೇಕು ಅಂದ್ರೆ ಬೆಳಿಗ್ಗೆ ಐದೂವರೆಗೇ ಊರು ಬಿಡಬೇಕು. ಕಾಫಿ ಕುಡೀಬಾರದಂತೆ. ಸಡಿಲ ಅಂಗಿ ಹಾಕ್ಕೋಬೇಕಂತೆ. ಎಕ್ಸ್‌ರೇ ತರಬೇಕಂತೆ. ಮದುವೆ ಹೆಣ್ಣಿಗೂ ಇಷ್ಟು ತಯಾರಿ ಇರಲ್ಲ!

ಎಲ್ಲಾ ಯಾರಿಂದ? ನಮ್ಮೂರ ಆ ಎಳೇ ಡಾಕ್ಟರಿಂದ. ದೊಡ್ಡ ಲಾರಿ ಲೈಸೆನ್ಸಿಗೆ ಒಂದು ಸಹಿ ಹಾಕೋ ಅಂತ ಹೋದ್ರೆ ಟೇಪು ತಗೊಂಡು ಕುತ್ತಿಗೆ ಅಳೆದ. ನಲವತ್ನಾಲ್ಕು ಸೆಂಟಿಮೀಟರು! ಕುತ್ತಿಗೆ ದಪ್ಪ ಇದ್ರೆ ನಿದ್ದೇಲಿ ಉಸಿರು ಕಟ್ಟುತ್ತಂತೆ. ಅಯ್ಯೋ, ಇದೇ ಕುತ್ತಿಗೆ ನೋಡಿಯೇ ಅಲ್ವಾ ಊರ ಫುಟ್‌ಬಾಲ್ ತಂಡದಲ್ಲಿ ನನ್ನನ್ನ ಮುಂದೆ ನಿಲ್ಲಿಸ್ತಿದ್ದದ್ದು? ಆಗ ಯಾರಿಗೂ ರೋಗ ಕಾಣಲಿಲ್ಲ.

ಎರಡನೇದು ಓದು. ಟೀವಿ ನೋಡುವಾಗ... ಏಯ್, ಏನದು, ಮೂರು ಬರೀತಿದೀಯಾ? ಅಳಿಸು! ಅದು ಟೆಸ್ಟ್ ಮ್ಯಾಚು ಕಣೇ. ಐದು ದಿನ ಆಡೋ ಆಟ ನೋಡ್ತಾ ನಿದ್ದೆ ಮಾಡದೇ ಇರೋನು ಮನುಷ್ಯನೇ ಅಲ್ಲ. ಸರಿ, ಒಂದು ಹಾಕು. ಪೂರ್ತಿ ಸೊನ್ನೆ ಇದ್ರೆ ಅವಳಿಗೂ ಅನುಮಾನ ಬರುತ್ತೆ. ಮೂರನೇದು, ಯಾರ ಜೊತೆಗಾದ್ರೂ ಮಾತಾಡ್ತಾ ಇರುವಾಗ... ಹಹ್ಹಾ! ನಾನು ಮಾತು ನಿಲ್ಲಿಸಿದ್ದು ಯಾವತ್ತಾದ್ರೂ ನೋಡಿದೀಯಾ ನೀನು?

ಗೊರಕೆ? ಬರುತ್ತೆ, ಅದಕ್ಕೇನೀಗ? ನಾನು ಮಲಗೋ ಹಿತ್ತಲ ಕೋಣೆ ತಗಡಿನದ್ದು. ಇಲಿ ಕೆಮ್ಮಿದ್ರೂ ನಿನ್ನ ಅಡುಗೆಮನೆಗೆ ಕೇಳುತ್ತೆ. ...ಏನು? ನಿಲ್ಲುತ್ತಾ? ಉಸಿರೇ ನಿಲ್ಲುತ್ತಾ? ...ನೀನು ಬಾಗಿಲ ಹತ್ರ ನಿಂತು ಎಣಿಸಿದೀಯಾ? ಎಷ್ಟರವರೆಗೆ? ...ಇಪ್ಪತ್ತೆರಡು. ಹೂಂ. ನೀನು ಗಡಬಡ ಎಣಿಸಿರ್ತೀಯ. ಚಿಕ್ಕವಳಿದ್ದಾಗಲೂ ಕಣ್ಣಾಮುಚ್ಚಾಲೆ ಆಟದಲ್ಲಿ ಹಾಗೇ ಎಣಿಸ್ತಿದ್ದೆ, ಮೋಸಗಾತಿ.

ನನ್ನ ಎದೆ ನೋಡು. ನಾಳೆ ಕೊಳವೇಲಿ ಊದಿಸ್ತಾರಂತೆ. ಊದು ಅಂದ್ರೆ ಆ ಯಂತ್ರದ ಮುಳ್ಳು ಕಿತ್ಕೊಂಡು ಹೋಗಬೇಕು, ಹಾಗೆ ಊದ್ತೀನಿ. ನೋಡ್ತಿರು, ಹೀಗೆ... ಹ್ಹೂ... ಖ್ಹ... ಖ್ಹ... ತಡಿ... ನೀರು ಬೇಡ. ಬೇಡ ಅಂದ್ನಲ್ಲ. ಗೋಧಿ ಧೂಳು ಅದು. ನಮ್ಮೂರಲ್ಲಿ ಕೆಮ್ಮದೇ ಇರೋನು ಬ್ಯಾಂಕಿನವನು ಒಬ್ಬನೇ.

ಟೀಗನ್, ಇಲ್ಲಿ ಕೇಳು. ತಮಾಷೆ ಸಾಕು. ಕೊಯ್ಲಿಗೆ ಇನ್ನು ಹದಿನೆಂಟು ದಿನ ಇದೆ. ಈ ಸಲ ಎರಡು ಟ್ರೇಲರ್ ಎಳೆಯೋ ಲಾರಿ ನನಗೇ ಕೊಡ್ತೀನಿ ಅಂದಿದಾರೆ. ನನಗೆ! ಬ್ರೆಂಟ್‌ಗೆ! ಆ ಟ್ರೇಲರ್ ಬಾಲಾನ ಒಂದೇ ಏಟಿಗೆ ಹಿಂದಕ್ಕೆ ತಗೊಂಡು ಧಾನ್ಯ ಸುರಿಯೋ ಗುಂಡಿ ಮೇಲೆ ನಿಲ್ಲಿಸೋನು ಈ ಕೊಲ್ಡರಿನ್ ಊರಲ್ಲಿ ಇನ್ಯಾರಿದಾರೆ? ನಲವತ್ತು ವರ್ಷ ಓಡಿಸಿದೋರು ಮೂರು ಸಲ ಹಿಂದೆ ಮುಂದೆ ಮಾಡ್ತಾರೆ. ನಾನು? ಒಂದೇ ಸಲ. ಆ ಡಾಕ್ಟರಮ್ಮ 'ಇವನು ಓಡಿಸಬಾರದು' ಅಂತ ಒಂದು ಗೆರೆ ಬರೆದ್ರೆ ಮುಗೀತು. ಮುಖಕ್ಕೆ ಮುಖವಾಡ ಹಾಕಿ, ಗಾಳಿ ಊದೋ ಪಂಪಿಗೆ ಕಟ್ಟಿ ಮಲಗಿಸ್ತಾಳೆ. ಊರೆಲ್ಲ ಕೊಯ್ತಿರುವಾಗ ನಾನು ಹೊಲದ ಬದೀಲಿ ನಿಂತು ಸ್ಯಾಂಡ್‌ವಿಚ್ ಹಂಚಬೇಕು. ಅದಕ್ಕೇ ಹೇಳ್ತಿರೋದು, ಸೊನ್ನೆ ಹಾಕು.

ಕೊನೇದು ಓದು. ...ಓದೇ. ...ಕೊಡಿಲ್ಲಿ, ನಾನೇ ಓದ್ತೀನಿ. 'ವಾಹನ ಓಡಿಸುವಾಗ, ಅಥವಾ ವಾಹನ ದಟ್ಟಣೆಯಲ್ಲಿ ಕೆಲವು ನಿಮಿಷ ನಿಂತಾಗ'. ದಟ್ಟಣೆ! ನಮ್ಮೂರಲ್ಲಿ ದಟ್ಟಣೆ ಅಂದ್ರೆ ಕುರಿಮಂದೆ. ಸೊನ್ನೆ ಬರಿ, ಸಹಿ ಹಾಕು, ಊಟ ಮಾಡೋಣ.

...ಯಾಕೆ? ಬರಿ.

ಅಂಚೆ ಡಬ್ಬದ ಯೋಚನೇನಾ? ಎಷ್ಟು ಸಲ ಹೇಳಲಿ, ನಮ್ಮ ಗೇಟಿನ ಹತ್ರ ಕಾಂಗರೂ ಅಡ್ಡ ಬಂತು, ಪಿಕಪ್ಪು ಪಕ್ಕಕ್ಕೆ ಎಳೆದೆ, ಡಬ್ಬಕ್ಕೆ ತಾಗಿತು. ಹೊಸ ಡಬ್ಬ ನೆಟ್ಟುಕೊಟ್ಟೆನಲ್ಲ! ...ಮಧ್ಯಾಹ್ನ ಮೂರೂವರೆಗೆ ಕಾಂಗರೂ ಹೊರಗೆ ಬರಲ್ವಾ? ಸಂಜೆಯಾಗೋವರೆಗೂ ನೆರಳಲ್ಲಿ ಮಲಗಿರುತ್ತಾ? ಅದು ನನಗೆ ಗೊತ್ತಿಲ್ವಾ? ಆದ್ರೆ ಅದಕ್ಕೇನು ಯಾರಾದ್ರೂ ಗಡಿಯಾರ ಕಟ್ಟಿದಾರಾ? ಯಾವುದೋ ತಲೆಕೆಟ್ಟ ಕಾಂಗರೂ ಬಂತು. ಬಂಪರ್ ಮೇಲೆ ಕೂದಲು ಇರಲಿಲ್ಲ, ಯಾಕಂದ್ರೆ ತಾಗ್ಲೇ ಇಲ್ಲ, ತಪ್ಪಿಸಿದೆ! ಹೊಗಳೋದು ಬಿಟ್ಟು...

ನಿದ್ದೆ ಮಾಡಿದ್ದೆ ಅನ್ಕೊಂಡಿದೀಯ ಅಲ್ವಾ? ಸರಿ, ಸಾಕ್ಷಿ ಕೊಡ್ತೀನಿ. ಹದಿನಾಲ್ಕನೇ ವಯಸ್ಸಿಂದ ಈ ರಸ್ತೇಲಿ ಓಡಿಸ್ತಿದೀನಿ. ಎದುರಿಗೆ ಬಂದ ಒಂದೇ ಒಂದು ಗಾಡಿಗೂ ನಮಸ್ಕಾರ ಅಂತ ಬೆರಳು ಎತ್ತದೇ ಹೋದೋನಲ್ಲ ನಾನು. ಒಂದೇ ಒಂದು! ಪರ್ತ್‌ನೋರ ಹಾಗೆ ಕೈಯೆಲ್ಲ ಬೀಸೋದಲ್ಲ. ಕೈ ಸ್ಟೇರಿಂಗ್ ಮೇಲೇ ಇರಬೇಕು, ತೋರುಬೆರಳು ಒಂದೇ ಒಂದಿಂಚು ಮೇಲೇಳಬೇಕು. ಬೆರಳು ಎತ್ತದೇ ಹೋದ್ರೆ ಏನಾಗುತ್ತೆ ನಿನಗೆ ಗೊತ್ತಲ್ಲ? ನಮ್ಮಪ್ಪ ಒಂದು ಸಲ ಮರೆತಿದ್ದಕ್ಕೆ ಆ ಮನೆಯೋರು ಎರಡು ವರ್ಷ ಮಾತು ಬಿಟ್ಟಿದ್ರು. ಹೇಳು, ನಿದ್ದೆ ಮಾಡೋನು ಬೆರಳು ಎತ್ತುತ್ತಾನಾ?

ಮುದುಕ ಕ್ಲೆಮ್‌ನ ಕೇಳು. ಅವತ್ತು ಗೇಟಿಗೆ ಒಂದು ಕಿಲೋಮೀಟರು ಇದ್ದಾಗ ಎದುರು ಬಂದ. ಅವನೇ ಅಂಗಡೀಲಿ ಎಲ್ಲರ ಮುಂದೆ ಹೇಳಿದ, ಬಿಸಿಲಿಗೆ ಗಾಜು ಹೊಳೀತಿತ್ತು, ಮುಖ ಕಾಣಲಿಲ್ಲ, ಆದ್ರೆ ಬ್ರೆಂಟ್ ಬೆರಳು ಮಾತ್ರ ಎತ್ತಿದ ಅಂತ. ಆಯ್ತಾ? ಜೊತೆಗೆ ಒಂದು ತಮಾಷೇನೂ ಮಾಡಿದ, 'ಏನೋ, ನಿಮ್ಮಕ್ಕ ನಿನ್ನ ಬಿಸಿನೀರಲ್ಲಿ ಒಗೆದುಬಿಟ್ಟಳಾ, ಬೆರಳು ಕುಗ್ಗಿ ಇಷ್ಟೇ ಇಷ್ಟಾಗಿದೆ' ಅಂದ. ಕಣ್ಣಿಗೆ ಪೊರೆ ಬಂದಿದೆ ಮುದುಕನಿಗೆ. ಎಲ್ಲರೂ ನಕ್ಕರು. ನಾನೂ... ನಾನೂ ನಕ್ಕೆ.

...ನೀನ್ಯಾಕೆ ನಗ್ತಿಲ್ಲ?

ಏಯ್. ತಮಾಷೆ ಕಣೇ ಅದು.

...ನಿನಗೂ ಹೇಳಿದ್ನಾ ಕ್ಲೆಮ್? ಯಾವತ್ತು?

ಹಾಳೆ ನೋಡು, ನನ್ನ ನೋಡಬೇಡ. ...ಕಿಟಕಿ ಆಚೆ ಏನಿದೆ? ನಿನ್ನ ಮಗಳು ಪಿಪ್ ಉಯ್ಯಾಲೆ ಮೇಲಿದಾಳೆ. ಆರಾಮಾಗಿದಾಳೆ. ದಿನಾ ಸ್ಕೂಲ್ ಬಸ್ಸಿಂದ ಇಳಿಸ್ಕೊಂಡು ಬರೋನು ನಾನೇ ಅಲ್ವಾ? ಅವಳಪ್ಪ ಗಣಿ ಕೆಲಸಕ್ಕೆ ಹೋದಾಗೆಲ್ಲ ಇನ್ಯಾರು ನೋಡ್ಕೊಂಡಿದ್ದು? ಅವಳಿಗೊಂದು ಗೀರು ಬಿದ್ದಿದೆಯಾ ಯಾವತ್ತಾದ್ರೂ? ಅವಳೇನಾದ್ರೂ ಹೇಳಿದ್ಳಾ? ಇಲ್ಲ. ಹೇಳಲ್ಲ ಅವಳು. ಆಣೆ ಹಾಕಿ...

...

ಪೆನ್ನು ಕೆಳಗಿಡಬೇಡ. ಟೀಗನ್. ಇಡಬೇಡ ಅಂದ್ನಲ್ಲ.

ಬೈಯೇ! ಬೈದುಬಿಡು, ಹೊಡಿ.

...ನಾನು ಎತ್ತಲಿಲ್ಲ.

ಬೆರಳು... ನಾನು ಎತ್ತಲಿಲ್ಲ ಕಣೇ. ಬಸ್ ನಿಲ್ದಾಣ ಬಿಟ್ಟಿದ್ದು ನೆನಪಿದೆ. ರೇಡಿಯೋ ಹಾಕಿದ್ದು ನೆನಪಿದೆ. ಆಮೇಲೆ ಡಬ್ಬದ ಸದ್ದೇ. ಕಣ್ಣು ಬಿಟ್ರೆ ಸ್ಟೇರಿಂಗ್ ಮೇಲೆ ಅವಳ ಎರಡು ಕೈ. ಬೆಲ್ಟ್ ಬಿಚ್ಚಿ, ಸೀಟಿನ ಮೇಲೆ ಮಂಡಿಯೂರಿ... ಬೆಲ್ಟೂ ಇರಲಿಲ್ಲ ಟೀಗನ್. ಎಷ್ಟು ದೂರ ಹಿಡ್ಕೊಂಡಿದ್ಲೋ ನನಗೆ ಗೊತ್ತಿಲ್ಲ. ಕೇಳೋ ಧೈರ್ಯ ಬರಲಿಲ್ಲ. ನೆಟ್ಟಗಿನ ರಸ್ತೆ, ಹೇಗೋ ಬಂತು. ಗೇಟಿನ ತಿರುವು ಅವಳ ಕೈಗೆ ಎಟುಕಲಿಲ್ಲ.

ಅಳ್ತಿರಲಿಲ್ಲ. 'ಮಾವ, ನೀನು ಮಲಗಿದ್ದೆ. ಕ್ಲೆಮ್ ತಾತ ಬಂದ್ರು, ಅದಕ್ಕೆ ನಾನೇ ಬೆರಳು ಎತ್ತಿದೆ' ಅಂದ್ಲು. ಬೇಜಾರು ಮಾಡ್ಕೋತಾರಲ್ವಾ ಅಂದ್ಲು. ನಾನೇ ಕಲಿಸಿದ್ದು ಅದನ್ನ.

ನಾನೇನು ಮಾಡಿದೆ ಗೊತ್ತಾ? ಕಾಂಗರೂ ಅಂತ ಹೇಳಬೇಕು ಅಂದೆ. ಎರಡು ಸಲ ಬಾಯಿಪಾಠ ಮಾಡಿಸಿದೆ. ಎಂಟು ವರ್ಷದ ಮಗು ಕೈಲಿ.

ಬರಿ. ಸೊನ್ನೆ ಅಲ್ಲ. ಮೂರು. ಇನ್ನೂ ಜಾಸ್ತಿ ಇದ್ರೆ ಅದನ್ನ ಬರಿ. ಗಾಡಿ ಕೀಲಿ ಅಗೋ, ಸಕ್ಕರೆ ಡಬ್ಬದ ಪಕ್ಕ ಇದೆ, ತಗೋ. ನಾಳೆ ನೀನೇ ಓಡಿಸು.

...ಎಲ್ಲಿಗೆ ಹೊರಟೆ? ಅವಳ ಹತ್ರನಾ?

ಟೀಗನ್, ಅವಳನ್ನ ಬೈಬೇಡ. ಸುಳ್ಳು ನನ್ನದು. ಅವಳು ಸ್ಟೇರಿಂಗ್ ಬಿಡಲಿಲ್ಲ... ಒಂದೇ ಬೆರಳು, ಒಂದೇ ಇಂಚು, ಹೇಗೆ ಎತ್ತಬೇಕೋ ಹಾಗೇ ಎತ್ತಿದ್ಲು.